ಬ್ಯಾಂಕಾಕಿಗೆ ಅಮ್ಮನನ್ನು ಕರ್ಕೊಂಡು ಹೋಗಬಹುದಾ?

ಬ್ಯಾಂಕಾಕಿಗೆ ಹೋಗ್ತಿದ್ದೀನಿ ಅಂದರೆ ನಮ್ಮ ಜನ ಒಂಥರಾ ನಗುತ್ತಾರೆ. ಆಫೀಸಿನಲ್ಲೂ ನಕ್ಕರು, ತಿಪಟೂರಿನ ನಮ್ಮ ಬೀದಿಯಲ್ಲೂ ನಕ್ಕರು. ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ ಅಂದ ಮೇಲೆ ನಗು ನಿಂತು, "ಅಲ್ಲಿ ಅವರೇನ್ ಮಾಡ್ತಾರೆ?" ಅನ್ನುವ ಪ್ರಶ್ನೆ ಶುರುವಾಯಿತು. ಐದು ದಿನದಲ್ಲಿ ಅವರು ಏನೇನು ಮಾಡಿದರು ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಮಂಡಿನೋವಿನ, ಮೊಟ್ಟೆ ಕೂಡ ಮುಟ್ಟದ ಹಿರಿಯರಿದ್ದರೆ ಇದು ನಿಮಗೇ.

ಅಮ್ಮನಿಗೆ 64, ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ಚಿಕ್ಕಮ್ಮ ಆರು ವರ್ಷ ಚಿಕ್ಕವರು. ಇಬ್ಬರಿಗೂ ಇದೇ ಮೊದಲ ಫಾರಿನ್ನು. ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬ ಮುಗಿಸಿ, ಸ್ವಾತಂತ್ರ್ಯ ದಿನದ ಉದ್ದದ ವೀಕೆಂಡ್ ಹಿಡಿದು ಹೊರಟೆವು. ಅಲ್ಲಿ ಅದು ಮಳೆಗಾಲ. ಹಿತವಾದ ಹವೆ ಬೇಕಿದ್ದರೆ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಆದರೆ ಆಗ ಜನವೂ ಜಾಸ್ತಿ, ರೇಟೂ ಜಾಸ್ತಿ. ಏಪ್ರಿಲ್ ಮಾತ್ರ ಬೇಡ, ಸುಟ್ಟು ಹೋಗುತ್ತೀರಿ.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಎರಡೇ. ವೀಸಾ ನಿಯಮ ಒಮ್ಮೆ ನೋಡಿಕೊಳ್ಳಿ. ನಾವು ಹೋದಾಗ ಭಾರತೀಯರಿಗೆ ವೀಸಾ ಬೇಕಿರಲಿಲ್ಲ, ಆದರೆ ಇದು ಆಗಾಗ ಬದಲಾಗುವ ವಿಷಯ. ಎರಡನೆಯದು ಡಿಜಿಟಲ್ ಅರೈವಲ್ ಕಾರ್ಡ್. 2025ರ ಮೇ 1ರಿಂದ ಇದು ಕಡ್ಡಾಯ. ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ಆನ್‌ಲೈನಿನಲ್ಲೇ ತುಂಬಬಹುದು. ಪೂರ್ತಿ ಫ್ರೀ. ದುಡ್ಡು ಕೇಳುವ ಸೈಟು ಸಿಕ್ಕಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿದು ಮುಚ್ಚಿಬಿಡಿ. ಮೂವರದ್ದೂ ತುಂಬಿ, ಹೋಟೆಲ್ ಬುಕಿಂಗ್ ಮತ್ತು ವಾಪಸ್ ಟಿಕೆಟ್ ಜೊತೆಗೆ ಪ್ರಿಂಟ್ ತೆಗೆದು, ಅಮ್ಮನ ಕೈಗೊಂದು ಚಿಕ್ಕಮ್ಮನ ಕೈಗೊಂದು ಫೈಲು ಕೊಟ್ಟೆ. ಕ್ಯೂನಲ್ಲಿ ನಾನೊಂದು ಕಡೆ ಅವರೊಂದು ಕಡೆ ಆದರೆ ಗಾಬರಿಯಾಗಬಾರದು ನೋಡಿ.

ಮೊದಲನೇ ದಿನ, ಶುಕ್ರವಾರ

ಬೆಂಗಳೂರಿನಿಂದ ರಾತ್ರಿ ವಿಮಾನ, ಹತ್ತಿರ ಹತ್ತಿರ ನಾಲ್ಕು ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಕಣ್ಣು ಮುಚ್ಚುವಷ್ಟರಲ್ಲಿ ಬೆಳಗಾಗಿತ್ತು. ಏರ್‌ಪೋರ್ಟಿನ ಬೋರ್ಡು ನೋಡಿ ಅಮ್ಮ ನಿಂತೇಬಿಟ್ಟಳು. "ಸುವರ್ಣಭೂಮಿ ಅಂತಿದ್ಯಲ್ಲೇ!" ಬಾಯಲ್ಲಿ ಅವರು ಸುವನ್ನಪೂಮ್ ಅಂತ ಏನೋ ಅನ್ನುತ್ತಾರೆ, ಬರೆಯುವುದು ಮಾತ್ರ ಸುವರ್ಣಭೂಮಿಯೇ. ಇಲ್ಲಿಂದ ಅಮ್ಮನಿಗೆ ಅವರ ಮಾತಿನಲ್ಲಿ ನಮ್ಮ ಪದ ಹುಡುಕುವ ಆಟ ಶುರುವಾಯಿತು, ಅದು ಐದು ದಿನವೂ ನಡೆಯಿತು.

ದುಡ್ಡಿನ ವಿಷಯ. ಲಗೇಜ್ ಬರುವ ಹಾಲ್‌ನಲ್ಲಿ ಇರುವ ಕೌಂಟರುಗಳಲ್ಲಿ ಬದಲಾಯಿಸಬೇಡಿ. ಕೆಳಗೆ ಬೇಸ್‌ಮೆಂಟಿಗೆ ಹೋದರೆ, ರೈಲು ಹತ್ತುವ ಜಾಗದ ಪಕ್ಕದಲ್ಲಿ ಸಾಲಾಗಿ ಸಣ್ಣ ಕೌಂಟರುಗಳಿವೆ, ರೇಟು ಮೇಲಿನದ್ದಕ್ಕಿಂತ ಎಷ್ಟೋ ಮೇಲು, ರೂಪಾಯಿಯನ್ನೂ ತೆಗೆದುಕೊಂಡರು. ಒಂದು ಬಾತ್‌ಗೆ ಎರಡೂಮುಕ್ಕಾಲು ರೂಪಾಯಿಯ ಆಸುಪಾಸು, ಅದು ನಾವು ಹೋದಾಗಿನ ಲೆಕ್ಕ. ಎಟಿಎಂನಲ್ಲಿ ನಮ್ಮ ಕಾರ್ಡು ಹಾಕಿದರೆ ಆಗ ಪ್ರತಿ ಸಲ 220 ಬಾತ್ ಚಾರ್ಜು ಹಿಡಿಯುತ್ತಿದ್ದರು. ಆರುನೂರು ರೂಪಾಯಿ ಸುಮ್ನೆ ಹೋಗುತ್ತೆ.

ಅಲ್ಲಿಂದ ಏರ್‌ಪೋರ್ಟ್ ರೈಲಿನಲ್ಲಿ ಕೊನೆಯ ಸ್ಟೇಷನ್ ಫಯಾ ಥಾಯ್‌ಗೆ 45 ಬಾತ್, ಅರ್ಧ ಗಂಟೆ. ಫಯಾ ಥಾಯ್‌ನಲ್ಲಿ ಬಿಟಿಎಸ್ ಹಿಡಿಯಬೇಕು. ಬಿಟಿಎಸ್ ಅಂದರೆ ಮೇಲ್ಸೇತುವೆ ಮೇಲೆ ಓಡುವ ರೈಲು, 1999ರಿಂದ ಇದೆ. ಎಂಆರ್‌ಟಿ ಅಂದರೆ ಕೆಲವು ಕಡೆ ನೆಲದೊಳಗೆ, ಕೆಲವು ಕಡೆ ಮೇಲೆ ಓಡುವ ಮೆಟ್ರೊ. ಎರಡೂ ಬೇರೆ ಬೇರೆ ಕಂಪನಿ, ಟಿಕೆಟೂ ಬೇರೆ ಬೇರೆ. ಎಂಆರ್‌ಟಿ ಗೇಟಿಗೆ ನಿಮ್ಮ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಒಳಗೆ ಹೋಗಬಹುದು, ಬಿಟಿಎಸ್‌ನಲ್ಲಿ ನಾವು ಪ್ರತಿ ಸಲ ಟಿಕೆಟ್ ಕೊಂಡೆವು.

ಈಗ ನನ್ನ ತಪ್ಪು. ರಾಚಥೇವಿ ಸ್ಟೇಷನ್ನಿಂದ "ಐದು ನಿಮಿಷ" ಅಂತ ಹಾಕಿಕೊಂಡಿದ್ದ ಹೋಟೆಲ್ ಬುಕ್ ಮಾಡಿದ್ದೆ. ಐದು ನಿಮಿಷ ಅಂದರೆ ಬೈಕಿನಲ್ಲಿ ಇರಬೇಕು. ಎರಡು ಸೂಟ್‌ಕೇಸ್ ಎಳೆದುಕೊಂಡು, ಫುಟ್‌ಪಾತ್ ಮೇಲಿನ ಅಂಗಡಿಗಳ ನಡುವೆ ನುಸುಳಿಕೊಂಡು, ಬೆವರು ಸುರಿಸುತ್ತಾ ಹದಿನೆಂಟು ನಿಮಿಷ ನಡೆದೆವು. ಅಲ್ಲಿ ಗಲ್ಲಿಗೆ 'ಸೋಯ್' ಅನ್ನುತ್ತಾರೆ, ಕೆಲವು ಸೋಯ್‌ಗಳು ಒಂದು ಕಿಲೋಮೀಟರ್ ಉದ್ದ ಇರುತ್ತವೆ. ಆದ್ದರಿಂದ ಬುಕ್ ಮಾಡುವ ಮುಂಚೆ ಮ್ಯಾಪಿನಲ್ಲಿ ನೀವೇ ಅಳೆದು ನೋಡಿ. ಬ್ಯಾಂಕಾಕಿನಲ್ಲಿ ರೂಮು ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಸ್ಟೇಷನ್ ಎಷ್ಟು ಹತ್ತಿರ ಅನ್ನುವುದೇ ದೊಡ್ಡದು. ಆ ಊರಿನ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡಿಗೆ ಏನೂ ಕಡಿಮೆಯಿಲ್ಲ, ರಸ್ತೆ ನಂಬಿಕೊಂಡರೆ ಕೆಟ್ಟಿರಿ.

ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಬ್ಯಾಗ್ ಇಟ್ಟು ಊಟಕ್ಕೆ ಹೊರಟೆವು. ಸಸ್ಯಾಹಾರಿಗಳು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ನೋಡಲು 17 ಅಂತ ಬರೆದ ಹಾಗಿರುತ್ತದೆ. ಅದನ್ನು 'ಜೇ' ಅಂತ ಓದಬೇಕು. ಅಂಥ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ! ಬರೀ ವೆಜಿಟೇರಿಯನ್ ಅಂದರೆ ಅವರಿಗೆ ಅರ್ಥವಾಗುವುದು ಬೇರೆ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. 'ಗಿನ್ ಜೇ' ಅನ್ನಿ, ಸಾಕು. ಇನ್ನೊಂದು ಪದ ಇದೆ, 'ಮಂಗ್ಸವಿರತ್'. ಇದನ್ನು ಕೇಳಿದ್ದೇ ತಡ ಅಮ್ಮ ತಟ್ಟೆ ಬಿಟ್ಟು ತಲೆಯೆತ್ತಿದಳು. "ಮಾಂಸ-ವಿರತಿ ಕಣೇ!" ಹೌದಲ್ವಾ. ಇದರಲ್ಲಿ ಮೊಟ್ಟೆ, ಹಾಲು ನಡೆಯುತ್ತದೆ, ಹಾಗಾಗಿ ಮೊಟ್ಟೆ ಬೇಡದವರು 'ಮೈ ಸೈ ಖೈ' ಅಂತ ಸೇರಿಸಬೇಕು. ನಮಸ್ಕಾರಕ್ಕೆ ಅವರು ಅನ್ನುವ 'ಸವಾದ್ದಿ' ಕೂಡ ನಮ್ಮ ಸ್ವಸ್ತಿಯೇ. ಹೆಂಗಸರು 'ಸವಾದ್ದಿ ಖಾ', ಗಂಡಸರು 'ಸವಾದ್ದಿ ಖ್ರಪ್'.

ಸಂಜೆ ಲುಂಪಿನಿ ಪಾರ್ಕಿಗೆ. ಸಯಾಮ್‌ನಲ್ಲಿ ರೈಲು ಬದಲಾಯಿಸಿ ಸಾಲಾ ಡೇಂಗ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ರೈಲಿನೊಳಗೆ "ಸಥಾನಿ ತೋ ಪಾಯ್" ಅಂತ ಪ್ರತಿ ಸಲ ಹೇಳುತ್ತಾರೆ, ಮುಂದಿನ ಸ್ಟೇಷನ್ ಅಂತ. ಸಥಾನಿ ಅಂದರೆ ಸ್ಥಾನ ಅಂತ ಅಮ್ಮ ಎರಡನೇ ಸ್ಟೇಷನ್ನಿಗೇ ಹಿಡಿದುಬಿಟ್ಟಳು.

ಪಾರ್ಕಿನ ಕೆರೆ ದಂಡೆಯಲ್ಲಿ ಚಿಕ್ಕಮ್ಮ ಕಿರುಚಿದ್ದು ಊರಿಗೆಲ್ಲ ಕೇಳಿಸಿರಬೇಕು. ಉಡ! ಒಂದಲ್ಲ, ನಾಲ್ಕೈದು. ಒಂದೊಂದೂ ಮಲಗಿದ ಮನುಷ್ಯನಷ್ಟು ಉದ್ದ. ನಾಲಿಗೆ ಚಾಚಿಕೊಂಡು, ಹೊಟ್ಟೆ ಎಳೆದುಕೊಂಡು, ಜಾಗಿಂಗ್ ಮಾಡುವವರ ನಡುವೆಯೇ ಹುಲ್ಲು ದಾಟಿ ನೀರಿಗೆ ಇಳಿದವು. ಯಾರೂ ತಿರುಗಿ ನೋಡುವುದಿಲ್ಲ. ಹತ್ತಿರ ಹೋಗದಿದ್ದರೆ ಅವೂ ಏನೂ ಮಾಡುವುದಿಲ್ಲ. ಸರಿಯಾಗಿ ಆರು ಗಂಟೆಗೆ ರಾಷ್ಟ್ರಗೀತೆ ಬಂತು, ಓಡುತ್ತಿದ್ದವರೆಲ್ಲ ಕಂಬದ ಹಾಗೆ ನಿಂತರು. ನೀವೂ ನಿಲ್ಲಿ. ಬೆಳಿಗ್ಗೆ ಎಂಟಕ್ಕೂ ಹೀಗೇ. ರಾಜಮನೆತನದ ಬಗ್ಗೆ ತಮಾಷೆಗೂ ಮಾತಾಡಬೇಡಿ, ಅಲ್ಲಿ ಅದಕ್ಕೆ ಜೈಲು ಶಿಕ್ಷೆ ಇದೆ.

ರಾತ್ರಿ ಸೆವೆನ್ ಇಲೆವೆನ್ ಅಂಗಡಿಯಿಂದ ಅನ್ನ, ಮೊಸರು ತಂದು ಮೊಸರನ್ನ ಕಲೆಸಿದೆವು. ಮೊಸರಿಗೆ ಸಕ್ಕರೆ ಹಾಕಿತ್ತು. ಅಲ್ಲಿ ಡಬ್ಬಿಯಲ್ಲಿ ಸಿಗುವ ಮೊಸರು ಬಹುಪಾಲು ಸಿಹಿ. ಚಿಕ್ಕಮ್ಮ ಮಾತಾಡದೆ ಊರಿನ ಚಟ್ನಿಪುಡಿ ಡಬ್ಬಿ ತೆಗೆದಳು.

ಎರಡನೇ ದಿನ, ಶನಿವಾರ

ಇವತ್ತು ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್. ಎಂಟೂವರೆಗೆ ಬಾಗಿಲು ತೆರೆಯುತ್ತಾರೆ, ಆ ಹೊತ್ತಿಗೆ ಅಲ್ಲಿರಬೇಕು, ಹತ್ತರ ಮೇಲೆ ಬಿಸಿಲೂ ಟೂರ್ ಬಸ್ಸೂ ಒಟ್ಟಿಗೆ ಬರುತ್ತವೆ. ರಸ್ತೆಯಲ್ಲಿ ಹೋಗಬೇಡಿ. ಬಿಟಿಎಸ್‌ನಲ್ಲಿ ಸಫಾನ್ ತಾಕ್ಸಿನ್‌ಗೆ ಹೋಗಿ, ಕೆಳಗೆ ಇಳಿದರೆ ಸಾಥೋನ್ ಪಿಯರ್ (ದೋಣಿ ಹತ್ತುವ ಕಟ್ಟೆ), ಅಲ್ಲಿಂದ ಚಾವೋ ಫ್ರಯಾ ನದಿಯಲ್ಲಿ ದೋಣಿ. ಪಿಯರ್‌ನಲ್ಲಿ ಇಳಿದ ತಕ್ಷಣ ಟೂರಿಸ್ಟ್ ಬೋಟ್, ಟೂರಿಸ್ಟ್ ಬೋಟ್ ಅಂತ ಕೂಗುತ್ತಾರೆ. ಅದೂ ಮೋಸವೇನಲ್ಲ, ರೇಟು ಜಾಸ್ತಿ ಅಷ್ಟೆ. ಊರಿನ ಜನ ಹತ್ತುವುದು ಕಿತ್ತಳೆ ಬಾವುಟದ ದೋಣಿ, ಎಲ್ಲಿಗೆ ಹೋದರೂ 16 ಬಾತ್. ದೋಣಿ ದಡಕ್ಕೆ ತಾಗಿ ನಿಲ್ಲುವುದು ಅರ್ಧ ನಿಮಿಷ. ಹಿಂದೆ ನಿಂತವನು ಸಿಳ್ಳೆ ಹೊಡೆಯುತ್ತಲೇ ಇರುತ್ತಾನೆ. ಅಮ್ಮನ ಕೈ ನಾನು ಹಿಡಿದೆ, ಇನ್ನೊಂದು ಕೈಯನ್ನು ಯಾರೋ ಸ್ಕೂಲ್ ಹುಡುಗಿ ಹಿಡಿದು ಎಳೆದುಕೊಂಡಳು.

ಥಾ ಚಾಂಗ್‌ನಲ್ಲಿ ಇಳಿದು ಐವತ್ತು ಹೆಜ್ಜೆ ಹಾಕಿಲ್ಲ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬ ಹಿರಿಯರು ಎದುರು ಬಂದರು. ಕತ್ತಿನಲ್ಲಿ ಐಡಿ ಕಾರ್ಡ್ ಬೇರೆ. "ಇಂಡಿಯಾ? ನಮಸ್ತೆ!" ಅಂದು, ಅರಮನೆ ಮಧ್ಯಾಹ್ನ ಒಂದರವರೆಗೆ ಮುಚ್ಚಿದೆ, ಒಳಗೆ ಪೂಜೆ ನಡೀತಿದೆ, ಅಷ್ಟರಲ್ಲಿ ಈ ಟುಕ್‌ಟುಕ್‌ನಲ್ಲಿ 40 ಬಾತ್‌ಗೆ ಮೂರು ದೇವಸ್ಥಾನ ನೋಡಿಕೊಂಡು ಬನ್ನಿ ಅಂದರು. ಚಿಕ್ಕಮ್ಮ ಆಗಲೇ ಟುಕ್‌ಟುಕ್ ಕಡೆಗೆ ಹೊರಟಿದ್ದಳು. "ಪಾಪ, ಎಷ್ಟ್ ಒಳ್ಳೆಯವ್ರು ನೋಡೇ." ಆ 40 ಬಾತ್‌ನ ಸವಾರಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಹತ್ತಾರು ವರ್ಷದಿಂದ ನಡೆಯುತ್ತಿರುವ ಆಟ ಇದು, ಆದರೂ ಜನ ಬೀಳುತ್ತಲೇ ಇದ್ದಾರೆ, ಯಾಕೆಂದರೆ ಹೇಳುವವರು ಅಷ್ಟು ಮರ್ಯಾದಸ್ಥರ ಹಾಗೆ ಕಾಣುತ್ತಾರೆ. ಬೀದಿಯಲ್ಲಿ ತಾವಾಗಿ ಬಂದು ಮಾತಾಡಿಸಿ 'ಮುಚ್ಚಿದೆ' ಅನ್ನುವವರನ್ನು ನಂಬಬೇಡಿ. ಗೇಟಿನವರೆಗೆ ನಡೆದು ನೀವೇ ನೋಡಿ. ನಾವು ಹೋದೆವು, ತೆರೆದೇ ಇತ್ತು.

ಗೇಟಿನಲ್ಲಿ ನಾನೇ ಸಿಕ್ಕಿಬಿದ್ದೆ. ತೋಳಿಲ್ಲದ ಕುರ್ತಾ ಹಾಕಿ ಮೇಲೆ ದುಪ್ಪಟ್ಟಾ ಹೊದ್ದಿದ್ದೆ. ಅದು ನಡೆಯುವುದಿಲ್ಲವಂತೆ, ಭುಜ ಹೊಲಿದ ಬಟ್ಟೆಯಲ್ಲೇ ಮುಚ್ಚಿರಬೇಕು. ಸೀರೆ ಉಟ್ಟಿದ್ದ ಇಬ್ಬರೂ ಆರಾಮಾಗಿ ಒಳಗೆ, ಊರೆಲ್ಲ ಸುತ್ತಿದವಳು ನಾನು ಹೊರಗೆ. ಎದುರಿನ ರಸ್ತೆಯಲ್ಲಿ 150 ಬಾತ್ ಕೊಟ್ಟು ಆನೆ ಚಿತ್ರದ ಟೀಶರ್ಟ್ ಕೊಂಡು ಹಾಕಿಕೊಂಡೆ. ಗಂಡಸರೂ ಅಷ್ಟೆ, ಚಡ್ಡಿ ಹಾಕಿಕೊಂಡು ಹೋಗಬೇಡಿ.

ಟಿಕೆಟ್ 500 ಬಾತ್, ದುಬಾರಿಯೇ. 1782ರಲ್ಲಿ ಒಂದನೇ ರಾಮ ಅನ್ನುವ ಥಾಯ್ ರಾಜ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕಟ್ಟಲು ಶುರುಮಾಡಿದ ಅರಮನೆ. ಒಳಗಿನ ವಾಟ್ ಫ್ರಾ ಕೇಯೋದಲ್ಲಿ (ವಾಟ್ ಅಂದರೆ ಗುಡಿ) ಪಚ್ಚೆ ಬುದ್ಧ. ಪಚ್ಚೆ ಅಂತ ಹೆಸರು, ನಿಜಕ್ಕೂ ಜೇಡ್ ಥರದ ಹಸಿರು ಕಲ್ಲು, ಎತ್ತರ 66 ಸೆಂಟಿಮೀಟರ್ ಅಷ್ಟೆ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ರಾಜನೇ ಬುದ್ಧನ ಉಡುಪು ಬದಲಾಯಿಸುತ್ತಾರೆ. ನಾವು ನೋಡಿದ್ದು ಮಳೆಗಾಲದ ಬಂಗಾರದ ಉಡುಪು. ಕೂರುವಾಗ ಪಾದ ಬುದ್ಧನ ಕಡೆ ಚಾಚಬಾರದು. ಮಂಡಿ ಮಡಚಲಾಗದೆ ಅಮ್ಮ ಕಾಲು ಚಾಚಿದಳು, ಕಾವಲಿನವರು ಬಂದು ಪಕ್ಕಕ್ಕೆ ತಿರುಗಿಸಿಕೊಳ್ಳಿ ಅಂತ ಮೆತ್ತಗೆ ಸನ್ನೆ ಮಾಡಿದರು.

ಆದರೆ ನಮ್ಮ ಬೆಳಗೆಲ್ಲ ಕಳೆದದ್ದು ಸುತ್ತುಗೋಡೆಯ ಮುಂದೆ. ಅಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣ, 178 ಚಿತ್ರಗಳಲ್ಲಿದೆ. ರಾವಣನಿಗೆ ಥೋತ್ಸಕನ್ ಅನ್ನುತ್ತಾರೆ, ದಶಕಂಠ. ಹಸಿರು ಮುಖ. ಅಮ್ಮ ಪಾಠ ಮಾಡುವ ಹಾಗೆ ಬೆರಳು ತೋರಿಸುತ್ತಾ ಇದು ಲಂಕೆ, ಇದು ಸೇತುವೆ ಅಂತ ಹೇಳುತ್ತಾ ಹೋದಳು. ಅಲ್ಲಿ ಬೆಳ್ಳಗಿನ ಹನುಮಂತ ಮೀನಿನ ಬಾಲದ ಹೆಣ್ಣೊಬ್ಬಳ ಹಿಂದೆ ಬಿದ್ದಿದ್ದ. ಫೋನಿನಲ್ಲಿ ಹುಡುಕಿ ಓದಿ ಹೇಳಿದೆ: ಅವಳು ಸುವನ್ನಮಚ್ಚಾ, ಸುವರ್ಣಮತ್ಸ್ಯೆ, ರಾವಣನ ಮಗಳು, ಸೇತುವೆಯ ಕಲ್ಲು ಕದಿಯಲು ಬಂದವಳು, ಹನುಮಂತನಿಗೂ ಅವಳಿಗೂ ಪ್ರೀತಿಯಾಗಿ ಒಬ್ಬ ಮಗನೂ ಹುಟ್ಟುತ್ತಾನೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದಳು. "ನಮ್ಮ ಆಂಜನೇಯಸ್ವಾಮಿಗಾ?" ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಅಮ್ಮ ಮುಂದಿನ ಐದಾರು ಚಿತ್ರಗಳನ್ನು ಸರಸರ ದಾಟಿಬಿಟ್ಟಳು.

ಸುಸ್ತಾದರೆ ಅದೇ ಆವರಣದಲ್ಲಿ ರಾಣಿ ಸಿರಿಕಿತ್ ಅವರ ಹೆಸರಿನ ಜವಳಿ ಮ್ಯೂಸಿಯಂ ಇದೆ, ಅದೇ ಟಿಕೆಟ್ಟಿನಲ್ಲಿ ಬಿಡುತ್ತಾರೆ, ಒಳಗೆ ಎಸಿ. ನಾವು ರೇಷ್ಮೆ ನೋಡುವ ನೆಪದಲ್ಲಿ ಬೆವರು ಆರಿಸಿಕೊಂಡೆವು.

ವಾಟ್ ಫೋಗೆ ಗೋಡೆ ಬಳಸಿ ನಡೆಯಬೇಕು, ಮ್ಯಾಪಿನಲ್ಲಿ ಪಕ್ಕದಲ್ಲೇ ಕಂಡರೂ ಬಿಸಿಲಲ್ಲಿ ಅದು ದೂರವೇ. 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ, ಪಾದದ ತುಂಬ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಚಿತ್ರ. ಹಿಂಬದಿಯಲ್ಲಿ 108 ಕಂಚಿನ ಬಟ್ಟಲುಗಳು ಸಾಲಾಗಿವೆ. ಚಿಲ್ಲರೆ ಕೊಂಡು ಒಂದೊಂದಕ್ಕೂ ಒಂದೊಂದು ಕಾಸು ಹಾಕುತ್ತಾ ಹೋಗಬೇಕು, ಹಾಲ್ ತುಂಬ ಟಿಣ್ ಟಿಣ್ ಸದ್ದು. ಇಲ್ಲೇ ಥಾಯ್ ಮಸಾಜ್ ಕಲಿಸುವ ಶಾಲೆಯೂ ಇದೆ. ಮಸಾಜ್ ಅಂದ ಕೂಡಲೇ ಅಮ್ಮ ಬೇಡವೇ ಬೇಡ ಅಂದಳು. ಮೈಮೇಲೆ ಬಟ್ಟೆ ಇಟ್ಟುಕೊಂಡೇ ಮಾಡುತ್ತಾರೆ, ಎಣ್ಣೆಯೂ ಇಲ್ಲ, ಹತ್ತು ಜನ ಒಂದೇ ಹಾಲ್‌ನಲ್ಲಿ ಮಲಗಿರುತ್ತಾರೆ, ಹೆಂಗಸರೇ ಬೇಕು ಅಂತ ಕೇಳಬಹುದು ಅಂತ ಒಪ್ಪಿಸಿದೆ. ಅರ್ಧ ಗಂಟೆ ಆದ ಮೇಲೆ ಹೊರಗೆ ಬಂದವಳು ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದಳು. ಆ ಗುಣ ಸಂಜೆಯವರೆಗೆ ಇತ್ತು, ಸುಳ್ಳು ಹೇಳಬಾರದು.

ಥಾ ತಿಯೆನ್‌ನಿಂದ ಆಚೆ ದಡಕ್ಕೆ ಐದು ಬಾತ್ ದೋಣಿ. ಆ ಕಡೆ ವಾಟ್ ಅರುಣ್, ನಮ್ಮ ಅರುಣನೇ, 200 ಬಾತ್. ದೂರದಿಂದ ಕಲ್ಲಿನ ಗೋಪುರದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಗೊತ್ತಾಗುವುದು, ಮೈಯೆಲ್ಲ ಪಿಂಗಾಣಿ ಚೂರು. ಒಡೆದ ತಟ್ಟೆಯ ಅಂಚು, ಬಟ್ಟಲಿನ ತಳ, ಹೂವಿನ ಎಸಳಿನ ಹಾಗೆ ಜೋಡಿಸಿದ್ದಾರೆ. ಮೆಟ್ಟಿಲು ಏಣಿಯ ಹಾಗಿವೆ, ಹತ್ತುವುದು ಸುಲಭ, ಇಳಿಯುವಾಗ ಎದೆ ಧಸಕ್ಕೆನ್ನುತ್ತದೆ. ಅಮ್ಮ ಕೆಳಗೇ ಕುಳಿತು, ಥಾಯ್ ಉಡುಪು ಬಾಡಿಗೆಗೆ ತಂದು ಫೋಟೊ ತೆಗೆಸಿಕೊಳ್ಳುತ್ತಿದ್ದ ಹುಡುಗಿಯರನ್ನು ನೋಡುತ್ತಿದ್ದಳು. ವಾಪಸ್ ಬಂದು ಸನಾಮ್ ಚಾಯ್‌ನಲ್ಲಿ ಎಂಆರ್‌ಟಿ ಹಿಡಿದೆವು. ಸ್ಟೇಷನ್ ಒಳಗೆ ರಾಜರ ದರ್ಬಾರಿನ ಹಾಗೆ ಕಂಬಗಳಿವೆ, ಟಿಕೆಟ್ ತೋರಿಸಿ ನೋಡಿದ ಅರಮನೆಗಿಂತ ಇದೇ ತಂಪು ಅಂದಳು ಚಿಕ್ಕಮ್ಮ.

ಮೂರನೇ ದಿನ, ಭಾನುವಾರ

ಶನಿವಾರ ಭಾನುವಾರ ಮಾತ್ರ ಪೂರ್ತಿ ತೆರೆಯುವ ಚಾಟುಚಾಕ್ ಸಂತೆ. ಬಿಟಿಎಸ್‌ನಲ್ಲಿ ಮೋ ಚಿತ್. ಹದಿನೈದು ಸಾವಿರಕ್ಕಿಂತ ಜಾಸ್ತಿ ಅಂಗಡಿ ಅಂತಾರೆ, ನಾವು ನೂರು ನೋಡಿರಬಹುದು. ತಪ್ಪಿಸಿಕೊಂಡರೆ ನಡುವಿನ ಗಡಿಯಾರದ ಗೋಪುರದ ಕೆಳಗೆ ಸೇರೋಣ ಅಂತ ಮೊದಲೇ ಮಾತಾಡಿಕೊಳ್ಳಿ. ಇಷ್ಟವಾದದ್ದನ್ನು ಆಗಲೇ ಕೊಂಡುಬಿಡಿ, ಆಮೇಲೆ ಬರೋಣ ಅಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ. ಬೆಲೆ ಚೌಕಾಸಿ ಮಾಡಬಹುದು, ಆದರೆ ನಗುತ್ತಾ ಮಾಡಬೇಕು. ನಮ್ಮಲ್ಲಿ ಮಾಡುವ ಹಾಗೆ ಅರ್ಧಕ್ಕೆ ಕೇಳಿ ಎದ್ದು ಹೋಗುವ ನಾಟಕ ನಡೆಯಲಿಲ್ಲ, ಅಂಗಡಿಯವಳು ಸುಮ್ಮನೆ ಕೈಮುಗಿದಳು.

ಚಿಕ್ಕಮ್ಮ ಬ್ಯಾಗು ಆರಿಸುತ್ತಿದ್ದಾಗ ಅಮ್ಮ ಕಾಣಲಿಲ್ಲ. ಹುಡುಕಿದರೆ ತಿಂಡಿ ಗಾಡಿಯೊಂದರ ಮುಂದೆ ನಿಂತಿದ್ದಳು. ಗಾಡಿಯಲ್ಲಿ ಕಬ್ಬಿಣದ ಪಡ್ಡಿನ ಹಂಚು! ಅದೇ ಗುಳಿಗಳು, ಅದೇ ಮುಚ್ಚಳ. ಮುದುಕಿಯೊಬ್ಬಳು ಗುಳಿಗೆ ಅಕ್ಕಿ ಹಿಟ್ಟು ಹೊಯ್ದು, ಅದು ಅಂಚಿನಲ್ಲಿ ಗರಿಗಟ್ಟುವ ಹೊತ್ತಿಗೆ ಮೇಲೆ ದಪ್ಪ ತೆಂಗಿನ ಹಾಲು ಬಿಟ್ಟು, ಮೂರು ಚೂರು ಈರುಳ್ಳಿ ಸೊಪ್ಪು ಉದುರಿಸಿ ಮುಚ್ಚಿದಳು. ಮಗುಚುವುದಿಲ್ಲ. ಬೆಂದ ಮೇಲೆ ಚಮಚದಲ್ಲಿ ಎಬ್ಬಿ, ಎರಡು ಅರ್ಧ ಸೇರಿಸಿ ಒಂದು ಗುಂಡು ಮಾಡಿದಳು. ಹೆಸರು ಖನೋಮ್ ಖ್ರೋಕ್. ತಳ ಗರಿಗರಿ, ಒಳಗೆ ಕೆನೆ, ಸಿಹಿಯೂ ಹೌದು ಉಪ್ಪೂ ಹೌದು. ತಿಪಟೂರಿನವಳಿಗೆ ತೆಂಗಿನ ವಿಷಯದಲ್ಲಿ ಹೊಗಳಿಕೆ ಸುಲಭಕ್ಕೆ ಬರುವುದಿಲ್ಲ. "ಕಾಯಿ ಚೆನ್ನಾಗಿದೆ" ಅಂದಳು, ಎರಡನೇ ತಟ್ಟೆ ಕೇಳಿದಳು. ಎಳನೀರಿಗೆ ಮಾತ್ರ ಬೈದಳು. ಸಿಪ್ಪೆಯೆಲ್ಲ ಕೆತ್ತಿ, ಐಸಿನಲ್ಲಿಟ್ಟು, ಚಂದ ಮಾಡಿ ಮಾರುತ್ತಾರೆ, ರುಚಿಯೂ ಘಮವೂ ಇದೆ, ಆದರೆ ರೂಪಾಯಿಗೆ ಲೆಕ್ಕ ಹಾಕಿದ ಮೇಲೆ ಅವಳಿಗೆ ನುಂಗಲಾಗಲಿಲ್ಲ.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ರೂಮಿನಲ್ಲಿ ನಿದ್ದೆ. ಹಿರಿಯರಿದ್ದರೆ ಇದನ್ನು ದಿನಾ ಮಾಡಿ. ಸಂಜೆ ಜೋರು ಮಳೆ, ಒಂದು ಗಂಟೆ ಹುಯ್ದು ನಿಂತಿತು, ಆಮೇಲೆ ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೆ ಹೋದೆವು. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು. ಈಗ ಒಳಗೆ ನಮ್ಮವರಿಗಿಂತ ಥಾಯ್ ಜನರೇ ಜಾಸ್ತಿ, ಗಣಪತಿ ಮುಂದೆ ಕಣ್ಣುಮುಚ್ಚಿ ಕುಳಿತಿರುತ್ತಾರೆ. ಬಾಗಿಲಲ್ಲಿ ಮಲ್ಲಿಗೆ ಹಾರ ಮಾರುತ್ತಾರೆ, ಅದಕ್ಕೆ 'ಫುವಾಂಗ್ ಮಾಲೈ' ಅಂತ ಹೆಸರು. ಮಾಲೆ ಅಂತ ಅಮ್ಮನಿಗೆ ಹೇಳಬೇಕಾಗಲಿಲ್ಲ. ಆಗಸ್ಟ್ 12 ಅಲ್ಲಿ ಅಮ್ಮಂದಿರ ದಿನವಂತೆ, ಆವತ್ತು ಮಕ್ಕಳು ಅಮ್ಮನಿಗೆ ಮಲ್ಲಿಗೆ ಕೊಡುತ್ತಾರೆ. ನಾವು ಹೋಗುವಷ್ಟರಲ್ಲಿ ಆ ದಿನ ಕಳೆದಿತ್ತು. ಹಾರ ಒಂದು ಕೊಂಡೆ, ಅದನ್ನು ಅವಳು ನೇರ ಮಾರಿಯಮ್ಮನಿಗೇ ಕೊಟ್ಟುಬಿಟ್ಟಳು.

ನಾಲ್ಕನೇ ದಿನ, ಸೋಮವಾರ

ಅಯುಥಯಾ, ಅಂದರೆ ಅಯೋಧ್ಯೆ. ಬ್ಯಾಂಕಾಕಿನಿಂದ ಸುಮಾರು 80 ಕಿಲೋಮೀಟರ್. ಕಾರು ಮಾಡಿಕೊಂಡು ಹೋಗುವವರೇ ಜಾಸ್ತಿ, ಆದರೆ ಹುವಾ ಲಂಫೋಂಗ್‌ನ ಹಳೇ ಸ್ಟೇಷನ್ನಿಂದ ಪ್ಯಾಸೆಂಜರ್ ರೈಲು ಇದೆ, ಮೂರನೇ ದರ್ಜೆಗೆ ತಲೆಗೆ 20 ಬಾತ್ ದಾಟಲಿಲ್ಲ. ದೂರದ ಎಕ್ಸ್‌ಪ್ರೆಸ್‌ಗಳು 2023ರ ಜನವರಿಯಿಂದ ಬಾಂಗ್ ಸೂ ಹತ್ತಿರದ ಹೊಸ ದೊಡ್ಡ ಸ್ಟೇಷನ್ನಿಂದ ಹೊರಡುತ್ತವೆ, ಯಾವ ರೈಲು ಎಲ್ಲಿಂದ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಕಿಟಕಿ ತೆರೆದು, ಫ್ಯಾನಿನ ಕೆಳಗೆ ಕೂತು, ಗದ್ದೆ ನೋಡುತ್ತಾ ಎರಡು ಗಂಟೆ. ಬುಟ್ಟಿ ಹಿಡಿದ ಹೆಂಗಸರು ತಿಂಡಿ ಮಾರುತ್ತಾ ಬರುತ್ತಾರೆ. ಅರಸೀಕೆರೆ ಪ್ಯಾಸೆಂಜರೇ ಅನ್ನಿ.

ಇಳಿದ ಮೇಲೆ ಹರೆಯದವರು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಬಹುದು, ಊರು ಸಮತಟ್ಟಾಗಿದೆ. ನಾವು ಕಪ್ಪೆ ಮೂತಿಯ ಟುಕ್‌ಟುಕ್ ಒಂದನ್ನು ಗಂಟೆಗೆ 250 ಬಾತ್‌ನಂತೆ ನಾಲ್ಕು ಗಂಟೆಗೆ ಮಾತಾಡಿಕೊಂಡೆವು. ಎಷ್ಟು ಗಂಟೆ, ಎಷ್ಟು ದುಡ್ಡು, ಎಷ್ಟು ಜನಕ್ಕೆ ಅಂತ ಮೂರನ್ನೂ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿಯೇ ಹತ್ತಿ.

ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು. 1767ರಲ್ಲಿ ಬರ್ಮಾದ ಸೈನ್ಯ ಬಂದು ಸುಟ್ಟುಹಾಕಿತು. ವಾಟ್ ಮಹಾಥಾಟ್‌ನಲ್ಲಿ ಸಾಲು ಸಾಲು ಬುದ್ಧ, ಹೆಚ್ಚಿನವಕ್ಕೆ ತಲೆಯೇ ಇಲ್ಲ. ಹಂಪಿ ನೋಡಿದವರಿಗೆ ಇದು ಹೊಸದಲ್ಲ. ಕಲ್ಲಿನ ಬದಲು ಇಟ್ಟಿಗೆ, ತುಂಗಭದ್ರೆಯ ಬದಲು ಬೇರೆ ನದಿ, ಅಷ್ಟೆ. ಚಿಕ್ಕಮ್ಮ ಬೆಳಗಿನಿಂದ ಬಿಡದೆ ಮಾತಾಡುತ್ತಿದ್ದವಳು ಅಲ್ಲಿ ಸುಮ್ಮನಾದಳು. ಅರಳಿ ಮರದ ಬೇರಿನೊಳಗೆ ಸಿಕ್ಕಿಕೊಂಡ ಬುದ್ಧನ ತಲೆ ಇರುವುದು ಇಲ್ಲೇ. ಫೋಟೊ ತೆಗೆಸಿಕೊಳ್ಳುವವರು ಬುದ್ಧನಿಗಿಂತ ಎತ್ತರ ಇರಬಾರದು, ಕುಕ್ಕರಗಾಲಲ್ಲಿ ಕೂರಬೇಕು. ಅಮ್ಮನಿಗೆ ಕೂರಲಾಗಲಿಲ್ಲ. ದೂರದಿಂದಲೇ ಕೈಮುಗಿದಳು, ಆ ಫೋಟೊವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ಅಲ್ಲಿಯ ತಿಂಡಿ ರೋತಿ ಸಾಯ್ ಮಾಯ್ ಬಿಡಬೇಡಿ. ಬಾಂಬೆ ಮಿಠಾಯಿಯಂಥ ಸಕ್ಕರೆ ಎಳೆಯನ್ನು ತೆಳ್ಳಗಿನ ರೊಟ್ಟಿಯಲ್ಲಿ ಸುತ್ತಿ ತಿನ್ನುವುದು. ಮಳೆ ಬಂದರೆ ಎಳೆ ಅಂಟಾಗಿಬಿಡುತ್ತದೆ, ನಮ್ಮದು ರೈಲಿನಲ್ಲೇ ಉಂಡೆ ಕಟ್ಟಿತು.

ಐದನೇ ದಿನ, ಮಂಗಳವಾರ

ರಾತ್ರಿ ವಿಮಾನ. ಬ್ಯಾಗ್ ಹೋಟೆಲಿನಲ್ಲೇ ಇಟ್ಟು ಹುವಾ ಚಾಂಗ್ ಪಿಯರ್‌ನಿಂದ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿದೆವು. ಅಗ್ಗ, ವೇಗ, ಟ್ರಾಫಿಕ್ ಇಲ್ಲ, ನೀರು ಮಾತ್ರ ಗಬ್ಬು. ಎದುರು ದೋಣಿ ಬಂದಾಗ ನೀರು ಹಾರದಂತೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲು ಮೇಲೇರಿಸಬೇಕು. ಚಿಕ್ಕಮ್ಮನಿಗೆ ಆ ಕೆಲಸ ಸಿಕ್ಕಿ ಭಾರಿ ಉತ್ಸಾಹದಿಂದ ಎಳೆದಳು. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಹರಿದುಕೊಟ್ಟ. ನಿಜ ಹೇಳಬೇಕೆಂದರೆ ಮಂಡಿನೋವಿನವರಿಗೆ ಈ ದೋಣಿ ಸರಿಯಲ್ಲ, ಹತ್ತಿ ಇಳಿಯುವುದು ನದಿಯ ದೋಣಿಗಿಂತ ಕಷ್ಟ, ಅಮ್ಮನನ್ನು ಹತ್ತಿಸಿದ್ದು ನನ್ನ ಹುಂಬತನ.

ಕೊನೆಯ ಪಿಯರ್ ಫಾನ್ ಫಾದಲ್ಲಿ ಇಳಿದರೆ ವಾಟ್ ಸಾಕೇತ್‌ನ ಬಂಗಾರದ ಬೆಟ್ಟ ಹತ್ತಿರವೇ. 344 ಮೆಟ್ಟಿಲು ಅಂತ ಕೇಳಿ ಅಮ್ಮನಿಗೆ ಕೆಳಗೆ ಬೆಂಚು ಹುಡುಕಿದೆ. ಮೆಟ್ಟಿಲು ಗಿಡ್ಡ ಇವೆ, ಸುತ್ತಿಕೊಂಡು ಹೋಗುತ್ತವೆ, ನೆರಳೂ ಇದೆ. ನೋಡೋಣ ನೋಡೋಣ ಅಂತ ಎದ್ದವಳು, ದಾರಿಯ ಗಂಟೆಗಳನ್ನೆಲ್ಲ ಬಾರಿಸುತ್ತಾ, ಅಲ್ಲಲ್ಲಿ ಕೂತು, ನಲವತ್ತು ನಿಮಿಷಕ್ಕೆ ತುದಿ ಮುಟ್ಟಿದಳು.

ಅಲ್ಲಿಂದ ಗ್ರ್ಯಾಬ್ (ನಮ್ಮ ಓಲಾ ಥರ ಕಾರು ಕರೆಯುವ ಆ್ಯಪ್) ಮಾಡಿ ಫಾಹುರಾತ್. ಭಾರತೀಯರ ಬೀದಿ, ಗುರುದ್ವಾರದ ಬಂಗಾರದ ಗುಮ್ಮಟ, ಬಟ್ಟೆ ಅಂಗಡಿ, ಐದು ದಿನದ ಮೇಲೆ ಚಪಾತಿ, ದಾಲ್, ಸಕ್ಕರೆ ಹಾಕದ ಮೊಸರು. ಮೂವರಿದ್ದರೆ ಟುಕ್‌ಟುಕ್‌ಗಿಂತ ಆ್ಯಪಿನ ಕಾರು ಲಾಭ, ಚೌಕಾಸಿಯ ರಗಳೆಯೂ ಇಲ್ಲ. ಪಕ್ಕದ ಸಾಂಪೆಂಗ್ ಗಲ್ಲಿಯ ಪಾತ್ರೆ ಅಂಗಡಿಯಲ್ಲಿ ಅಮ್ಮ ಕಬ್ಬಿಣದ ಖನೋಮ್ ಖ್ರೋಕ್ ಹಂಚು ಕೊಂಡಳು. "ಮನೇಲಿ ಎರಡಿದೆಯಲ್ಲಮ್ಮ" ಅಂದೆ. "ಅದ್ರಲ್ಲಿ ಏಳೇ ಗುಳಿ ಕಣೇ" ಅಂದಳು.

ಸಂಜೆ ಐದರಿಂದ ಏಳರವರೆಗೆ ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿಯಬೇಡಿ, ರೈಲೇ ಸರಿ. ಹಂಚು ಸೂಟ್‌ಕೇಸಿಗೆ ಹಾಕಿದರೆ ತೂಕ ಜಾಸ್ತಿ ಆಗುತ್ತಿತ್ತು, ಅದಕ್ಕೆ ಟವೆಲ್ ಸುತ್ತಿ ಅಮ್ಮನ ಕೈಚೀಲದಲ್ಲಿಟ್ಟೆ. ಸೆಕ್ಯುರಿಟಿಯಲ್ಲಿ ಬೆಲ್ಟು ನಿಂತಿತು. ಯೂನಿಫಾರ್ಮಿನ ಹುಡುಗಿ ಚೀಲ ಬಿಚ್ಚಿ, ಟವೆಲ್ ಬಿಡಿಸಿ, ಹಂಚನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು "ಖನೋಮ್ ಖ್ರೋಕ್!" ಅಂತ ಪಕ್ಕದವಳಿಗೆ ತೋರಿಸಿ ನಕ್ಕಳು. ಅಮ್ಮ ಕನ್ನಡದಲ್ಲೇ "ಪಡ್ಡು" ಅಂತ ತಿದ್ದಿದಳು. ಅದೇನು ಅಂದುಕೊಂಡಳೋ, ಹಂಚನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪ ಇದೆ, ಅದರ ಮುಂದೆ ಫೋಟೊ ತೆಗೆಯುವುದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಗೇಟು ಅಲ್ಲಿಂದ ತುಂಬ ದೂರ. ಅಮ್ಮ ವಾಸುಕಿಯ ತಲೆ ಕಡೆ ಯಾರು, ಬಾಲದ ಕಡೆ ಯಾರು ಅಂತ ಚಿಕ್ಕಮ್ಮನಿಗೆ ವಿವರಿಸುತ್ತಾ ನಿಂತಿದ್ದಾಗ ನಮ್ಮ ವಿಮಾನದ ಹೆಸರು ಕೂಗಿದರು.